ಅಧ್ಯಯನ, ಅಧಿಕಾರಿ, ಅಂಗನವಾಡಿ ಅಕ್ಕ: ಒಂದೇ ಮೇಜಿನಲ್ಲಿ

ರಾಯಚೂರು ಜಿಲ್ಲೆಯಲ್ಲಿ ಗರ್ಭಿಣಿ, ಬಾಣಂತಿಯರ ಪೌಷ್ಟಿಕತೆ ಬಗ್ಗೆ ಕೆಲಸ ಮಾಡುತ್ತೇನೆ. ಸಂಶೋಧಕರನ್ನೂ ಅಧಿಕಾರಿಗಳನ್ನೂ ಸೇರಿಸಿ ಕಾರ್ಯಾಗಾರ ನಡೆಸುವುದು ನನ್ನ ಪಾಲಿನ ಕೆಲಸ.

ಅದರ ಅರ್ಧ ಕೆಲಸ ಸಭೆಗೂ ಮುಂಚೆಯೇ ಮುಗಿದಿರಬೇಕು. ತಾಲ್ಲೂಕಿನ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ), ಪಂಚಾಯಿತಿಯ ಪಿಡಿಒಗಳ ಹತ್ತಿರ ಹೋಗಿ, ಈ ವರ್ಷ ನೀವು ಯಾವ ತೀರ್ಮಾನ ಮಾಡಬೇಕಿದೆ ಅಂತ ಕೇಳುತ್ತೇನೆ. ಅದಕ್ಕೆ ಉತ್ತರ ಕೊಡುವ ಅಧ್ಯಯನಗಳನ್ನು ಮಾತ್ರ ಸಂಶೋಧಕರಿಂದ ತರಿಸುತ್ತೇನೆ. ಎರಡೇ ಪುಟ, ಕನ್ನಡದಲ್ಲಿ. ದಪ್ಪ ವರದಿ ಕೊಟ್ಟರೆ ಅದು ಬೀರು ಸೇರುತ್ತದೆ, ಅಷ್ಟೇ.

ಕಾರ್ಯಾಗಾರದ ಶುರುವಿಗೆ ಮೊಟ್ಟೆಯ ವಿಷಯ ಹೇಳುತ್ತೇನೆ. 2021ರ ಕೊನೆಗೆ ನಮ್ಮ ಭಾಗದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಬಂತು. ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟೆ ಸಿಗುತ್ತಿದ್ದ ಯಾದಗಿರಿ ಮಕ್ಕಳನ್ನೂ, ಸಿಗದ ಗದಗಿನ ಮಕ್ಕಳನ್ನೂ ಹೋಲಿಸಿ ನೋಡಿದರು. ಯಾದಗಿರಿ ಮಕ್ಕಳ ತೂಕ ಜಾಸ್ತಿ ಏರಿತ್ತು. ಆಮೇಲೆ ಯೋಜನೆ ಇಡೀ ರಾಜ್ಯಕ್ಕೆ ಹೋಯಿತು. ಇದನ್ನು ಕೇಳಿದ ಮೇಲೆ ಅಂಕಿ-ಅಂಶ ಅಂದರೆ ಯಾರೂ ಮುಖ ತಿರುಗಿಸುವುದಿಲ್ಲ.

ಕೂರಿಸುವ ರೀತಿಯೂ ಮುಖ್ಯ. ವೇದಿಕೆ ಬೇಡ, ಹಾರ ಬೇಡ. ಒಂದೊಂದು ಮೇಜಿಗೂ ಒಬ್ಬ ಅಧಿಕಾರಿ, ಒಬ್ಬ ಸಂಶೋಧಕ, ಇಬ್ಬರು ಮೂವರು ಅಂಗನವಾಡಿ, ಆಶಾ ಕಾರ್ಯಕರ್ತೆಯರು.

ಒಮ್ಮೆ ಮಾತೃಪೂರ್ಣದ ಊಟಕ್ಕೆ, ಅಂದರೆ ಗರ್ಭಿಣಿ, ಬಾಣಂತಿಯರಿಗೆ ಸರ್ಕಾರ ಅಂಗನವಾಡಿಯಲ್ಲಿ ಕೊಡುವ ಮಧ್ಯಾಹ್ನದ ಊಟಕ್ಕೆ, ಗರ್ಭಿಣಿಯರು ಯಾಕೆ ಬರುವುದಿಲ್ಲ ಅನ್ನೋ ಚರ್ಚೆ ನಡೆದಿತ್ತು. ಸಂಶೋಧಕರು ಅರಿವಿನ ಕೊರತೆ ಅಂದರು. ಪಕ್ಕದಲ್ಲಿದ್ದ ಅಂಗನವಾಡಿ ಅಕ್ಕ ತಡೆದರು: "ಸರ್, ಹತ್ತಿ ಬಿಡಿಸಾಕ ಹೋದ ಹೆಣ್ಮಕ್ಳು ಮಧ್ಯಾಹ್ನ ಹೊಲ ಬಿಟ್ಟು ಉಣ್ಣಾಕ ಹೆಂಗ ಬರ್ತಾರ್ರಿ? ಬಂದ್ರ ಅರ್ಧ ಕೂಲಿ ಹೋಗತೈತಿ." ಸಂಶೋಧಕರು ತಮ್ಮ ಹಾಜರಿ ಪಟ್ಟಿ ತೆಗೆದು ತಿಂಗಳುವಾರು ನೋಡಿದರು. ಹಾಜರಿ ಬಿದ್ದಿದ್ದು ಹತ್ತಿ ಸುಗ್ಗಿಯಲ್ಲೇ. ನನಗಂತೂ ಬಹಳ ಖುಷಿಯಾಯಿತು. ಇಂಥ ಮಾತಿಗಾಗಿಯೇ ಅಲ್ವಾ ಇಷ್ಟು ಜನರನ್ನು ಸೇರಿಸುವುದು!

ಕೊನೆಗೆ ಗೋಡೆಗೆ ಎರಡು ಹಾಳೆ ಅಂಟಿಸುತ್ತೇವೆ. ಇಲ್ಲೇ ಆಗುವುದು ಒಂದರಲ್ಲಿ, ಬೆಂಗಳೂರಿಗೆ ಬರೆಯಬೇಕಾದ್ದು ಇನ್ನೊಂದರಲ್ಲಿ. ಅಂಗನವಾಡಿಯಲ್ಲೇ ಕೂತು ಉಣ್ಣಬೇಕೆಂಬ ನಿಯಮ ಎರಡನೆಯದಕ್ಕೆ ಹೋಯಿತು. ಸುಗ್ಗಿಯಲ್ಲಿ ತೂಕ ನೋಡುವುದು, ಕಬ್ಬಿಣಾಂಶದ ಮಾತ್ರೆ ಕೊಡುವುದು ಹೊಲಕ್ಕೆ ಹೊರಡುವ ಮುಂಚೆ ಆಗಲಿ ಅನ್ನೋದು ಮೊದಲನೆಯದಕ್ಕೆ. ಯಾರು, ಯಾವ ತಾರೀಖಿನೊಳಗೆ ಅಂತ ಎದುರಿಗೇ ಬರೆದು, ಸಿಡಿಪಿಒ ಸಹಿ ಹಾಕಿದ ಮೇಲೆಯೇ ಚಹಾ.