ಟಕ್ ಅಂದ ಮಾತ್ರಕ್ಕೆ ರಿಲೇ ಸರಿ ಇದೆ ಅಂತಲ್ಲ

ಶಿರಾಡಿ ಘಾಟಿಯಲ್ಲಿ ಎರಡು ಸಲ ಬಾನೆಟ್ ಎತ್ತಿ ನಿಂತ ಮೇಲೆ ನನಗೆ ಹಟ ಹತ್ತಿತು. ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗುತ್ತದೆ, ಒಮ್ಮೆ ಇಲ್ಲ. ಗ್ಯಾರೇಜಿನಲ್ಲಿ ಮೊದಲು ಸೆನ್ಸರ್ ಬದಲಿಸಿದರು, ಆಮೇಲೆ ಫ್ಯಾನ್ ಮೋಟರ್. ಆರು ಸಾವಿರದ ಹತ್ತಿರ ಹೋಯಿತು. ಕಾಯಿಲೆ ಹಾಗೇ ಇತ್ತು.

ಫ್ಯಾನಿನ ರಿಲೇ ನೋಡಿ ಅಂದೆ, ಅಂದರೆ ಸಣ್ಣ ಕರೆಂಟಿನಿಂದ ಫ್ಯಾನಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು. ‘ಟಕ್ ಅಂತಿದೆಯಲ್ಲ ಸಾರ್, ಇನ್ನೇನು?’ ಅಂತ ನಕ್ಕರು. ಅದರ ಬದಲು ಹಾರ್ನ್ ರಿಲೇ ಹಾಕಿ ನೋಡೋಣ ಅಂದರೆ ನನ್ನ ಗಾಡಿಯಲ್ಲಿ ಅದರ ಸೈಜೇ ಬೇರೆ. ಫ್ಯಾನ್ ರಿಲೇ ಮನೆಗೆ ತಂದು ಮಲ್ಟಿಮೀಟರ್ ಹಿಡಿದೆ. 85–86 ಅಂತ ಬರೆದ ಪಿನ್ನುಗಳ ನಡುವೆ ಕಾಯಿಲ್ (ರಿಲೇ ಎಳೆಯುವ ತಂತಿಸುರುಳಿ) 80 ಓಮ್ ಚಿಲ್ಲರೆ. 12 ವೋಲ್ಟ್ ಕೊಟ್ಟರೆ ಟಕ್. ಫ್ಯಾನಿಗೆ ಕರೆಂಟ್ ದಾಟಿಸುವ ಕಾಂಟ್ಯಾಕ್ಟಿನ 30–87 ಪಿನ್ನುಗಳಲ್ಲಿ ಬೀಪ್. ಆ ಬೀಪ್ ನಂಬಿ ಮೂರು ವಾರ ಸುಮ್ನೆ ವೈರಿಂಗ್ ಬಿಚ್ಚಿದೆ. ಪ್ಲಸ್ ವೈರನ್ನು ಗಾಡಿಯ ಲೋಹದ ಮೈಗೆ ತಾಗಿಸಿ 30 ಆಂಪಿನ ಫ್ಯೂಸನ್ನೂ ಸುಟ್ಟೆ.

ಬೀಪ್ ಮಾಡಲು ಮೀಟರ್ ಹರಿಸುವ ಕರೆಂಟ್ ಒಂದೆರಡು ಮಿಲಿಆಂಪ್ ಅಷ್ಟೇ. ಕಪ್ಪು ಹಿಡಿದ ಕಾಂಟ್ಯಾಕ್ಟೂ ಅಷ್ಟನ್ನು ದಾಟಿಸುತ್ತದೆ, ಅಲ್ವಾ? ಹಾಗಾಗಿ ಹಳೆ ಎಚ್4 ಹೆಡ್‌ಲೈಟ್ ಬಲ್ಬಿನ ಎರಡೂ ಫಿಲಮೆಂಟ್ ಸೇರಿಸಿ ಫ್ಯಾನಿನ ಬದಲು ರಿಲೇಗೆ ಹಾಕಿದೆ. ಒಂಬತ್ತು ಆಂಪ್ ಹತ್ತಿರ ಎಳೆಯುತ್ತದೆ. ಸಿಕ್ಕಾಪಟ್ಟೆ ಬಿಸಿಯಾಗುತ್ತದೆ, ಇಟ್ಟಿಗೆ ಮೇಲಿಡಿ. ಬಲ್ಬ್ ಉರಿಯುವಾಗಲೇ 30–87ರ ನಡುವೆ ವೋಲ್ಟ್ ನೋಡಿದೆ, ಅಂದರೆ ಕಾಂಟ್ಯಾಕ್ಟೇ ಎಷ್ಟು ತಿನ್ನುತ್ತದೆ ಅಂತ; ಸೊನ್ನೆಯ ಹತ್ತಿರ ಇದ್ದರೆ ಒಳ್ಳೆಯದು. ಮೊದಲು ಅರ್ಧ ವೋಲ್ಟ್. ಇಪ್ಪತ್ತು ಸಲ ಆನ್-ಆಫ್ ಮಾಡಿದಾಗ ಒಮ್ಮೊಮ್ಮೆ ಮೂರು. ಎರಡು ಸಲ ಬಲ್ಬೇ ಹತ್ತಲಿಲ್ಲ, ಟಕ್ ಮಾತ್ರ ಚೆನ್ನಾಗಿ ಕೇಳಿಸಿತು! ಹೊಸ ರಿಲೇ ತಂದು ಹಾಗೇ ನೋಡಿದರೆ 0.05ರ ಆಸುಪಾಸು. ಬೆಲೆ ನೂರಾ ಎಂಬತ್ತೋ ಇನ್ನೂರೋ. ಆಮೇಲೆ ಎರಡು ಬೇಸಿಗೆ ಘಾಟಿ ಹತ್ತಿದ್ದೇನೆ, ಟೆಂಪರೇಚರ್ ಸೂಚಿ ಅರ್ಧ ದಾಟಿಲ್ಲ.

ಹಳೆಯದನ್ನೂ ಸುಮ್ಮನೆ ಬಿಡಲಿಲ್ಲ. ಕವರ್ ತೆಗೆದು ಕಾಂಟ್ಯಾಕ್ಟಿಗೆ ಸ್ಯಾಂಡ್‌ಪೇಪರ್ ಉಜ್ಜಿದೆ. ನಾಲ್ಕು ದಿನ ಬಂತು, ಅಷ್ಟೇ. ಲಾಕ್ ಮುರಿಯದೆ ಕವರ್ ಬಿಚ್ಚುವುದು ಹೇಗೆ ಅಂತ ಕೇಳಬೇಡಿ. ಅದು ನನ್ನ ಹತ್ತಿರವೇ ಇರಲಿ. ಇನ್ನೊಂದು ರಿಲೇಯಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇದ್ದದ್ದು ಗಮನಿಸದೆ 85–86ಕ್ಕೆ ಉಲ್ಟಾ ಸಪ್ಲೈ ಕೊಟ್ಟು ಕೊಂದೆ.

ಸ್ವಿಚ್ಚುಗಳಿಗೂ ಇದೇ ಬಲ್ಬು, ಆದರೆ ಒಂದೇ ಫಿಲಮೆಂಟ್. ಬ್ರೇಕ್ ಲೈಟ್ ಸ್ವಿಚ್ಚಿಗೆ 21 ವಾಟಿನ ಬಲ್ಬೇ ಸಾಕು, ಅದು ಪಾಸಾಯಿತು. ಪವರ್ ವಿಂಡೋ ಸ್ವಿಚ್ಚು ಒಂದು ವೋಲ್ಟ್ ತಿನ್ನುತ್ತಿತ್ತು. ಸ್ಪಿರಿಟ್ಟಿನಲ್ಲಿ ತೊಳೆದ ಮೇಲೆ 0.2ಕ್ಕೆ ಇಳಿಯಿತು. ಒಂದು ಮಳೆಗಾಲ ಕಳೆದದ್ದೇ ತಡ, ಮತ್ತೆ ಶುರು. ಹೊಸದಕ್ಕೆ ಎರಡೂವರೆ ಸಾವಿರ ಹೇಳುತ್ತಾರೆ. ಸದ್ಯಕ್ಕೆ ಸ್ವಿಚ್ಚು ಒತ್ತಿ ಹಿಡಿದು ಆ ಗಾಜನ್ನು ಕೈಯಲ್ಲೂ ಎಳೆದೇ ಏರಿಸುತ್ತಿದ್ದೇನೆ.