ಕೈಮೀರಾ: ಖರ್ಚು ಕೈಮೀರದಿರಲು

ಬ್ರಿಟನ್‌ನಲ್ಲಿರುವ ಗೆಳೆಯರಲ್ಲಿ ಯಾರಾದರೂ ಟಿವಿಆರ್ ಕಂಪನಿಯ ಹಳೆಯ ಕೈಮೀರಾ ಸ್ಪೋರ್ಟ್ಸ್ ಕಾರು ಕೊಳ್ಳುವ ಯೋಚನೆಯಲ್ಲಿದ್ದರೆ, ಮೊದಲು ಬಣ್ಣ ನೋಡಬೇಡಿ. ಮೊಣಕಾಲೂರಿ ಕಾರಿನ ಅಡಿಗೆ ಟಾರ್ಚ್ ಹಿಡಿಯಿರಿ. ಬ್ಲ್ಯಾಕ್‌ಪೂಲ್‌ನಲ್ಲಿ 1990ರ ದಶಕದಲ್ಲಿ ತಯಾರಾಗಲು ಆರಂಭಿಸಿದ ಈ ಕಾರಿನ ಮೈ ಫೈಬರ್‌ಗ್ಲಾಸ್. ಅದಕ್ಕೆ ತುಕ್ಕಿನ ಭಯವಿಲ್ಲ. ಆದರೆ ಅಡಿಯ ಷಾಸಿ, ಅಂದರೆ ಕಾರನ್ನು ಹೊರುವ ಚೌಕಟ್ಟು, ಉಕ್ಕಿನ ಕೊಳವೆಗಳದ್ದು. ಬಾಗಿಲ ಕೆಳಗೆ ಅಂಚಿನುದ್ದಕ್ಕೂ ಹೋಗುವ ಕೊಳವೆಗಳನ್ನು ವಿಶೇಷವಾಗಿ ನೋಡಿ, ತುಕ್ಕು ಕೂರುವುದು ಅಲ್ಲಿಯೇ. ಪೂರ್ತಿ ಸರಿಪಡಿಸಬೇಕೆಂದರೆ ಮೈಯನ್ನೇ ಎತ್ತಿ ಪಕ್ಕಕ್ಕಿಡಬೇಕು. ಲೆಕ್ಕ ಸಾವಿರಾರು ಪೌಂಡ್‌ಗಳಲ್ಲಿ. ಕೊಳವೆಗಳ ಮೇಲೆ ಹೊಸದಾಗಿ ದಪ್ಪಗೆ ಬಳಿದ ಕಪ್ಪು ಬಣ್ಣ ಕಂಡರೆ ಅನುಮಾನಪಡಿ.

ವಿಮೆ ಮಾಡಿಸುವಾಗ ಕಾರಿನ ಬೆಲೆಯನ್ನು ಮೊದಲೇ ಗೊತ್ತುಪಡಿಸಿ ಬರೆಸಿಕೊಳ್ಳಿ. ವರ್ಷಕ್ಕೆ ಇಷ್ಟೇ ಮೈಲಿ ಎಂಬ ಮಿತಿಗೆ ಒಪ್ಪಿದರೆ ಕಂತೂ ಸಾಮಾನ್ಯವಾಗಿ ಇಳಿಯುತ್ತದೆ. ಈ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಮಳೆಯಲ್ಲಿ ಬಲಗಾಲು ಹದದಲ್ಲಿರಲಿ.

ಇಷ್ಟೆಲ್ಲ ಪಾಡು ಏಕೆ ಎನ್ನುವಿರಾ? ಎಂಟು ಸಿಲಿಂಡರಿನ ರೋವರ್ ವಿ8 ಎಂಜಿನ್ ಗುಡುಗಿ ಎದ್ದು, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರ್ ಒಗ್ಗರಣೆಯ ಸಾಸಿವೆಯಂತೆ ಸಿಡಿಯುವುದನ್ನು ಒಮ್ಮೆ ಕೇಳಿ, ಆಮೇಲೆ ಮಾತನಾಡೋಣ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಮುಂಚೆ ಮಾತ್ರ ಕೀಲಿ ತಿರುಗಿಸಬೇಡಿ. ಪಕ್ಕದ ಮನೆಯವರ ಮುಖವನ್ನು ನಾನು ನೋಡಿದ್ದೇನೆ.