ಹೋಮ್ ಥಿಯೇಟರಿನಲ್ಲಿ ಮಾತು ಕೇಳಿಸಬೇಕೆ? ಹೀಗೆ ಹೊಂದಿಸಿ

ಮಾತಿನ ದೃಶ್ಯ ಬಂದರೆ ವಾಲ್ಯೂಮ್ ಏರಿಸಬೇಕು, ಹೊಡೆದಾಟ ಶುರುವಾದ ಕೂಡಲೇ ಇಳಿಸಬೇಕು. ರಿಮೋಟ್ ಕೆಳಗಿಡುವಂತೆಯೇ ಇಲ್ಲ. 5.1 ಸಿಸ್ಟಂ (ಐದು ಸ್ಪೀಕರ್, ತಗ್ಗಿನ ಸದ್ದಿಗೊಂದು ಸಬ್‌ವೂಫರ್) ಇರುವ ಮನೆಗಳ ಮಾಮೂಲಿ ದೂರಿದು. ಹೆಚ್ಚಿನ ಸಲ ಸ್ಪೀಕರಿನದೇನೂ ತಪ್ಪಿರುವುದಿಲ್ಲ. ಜೋಡಿಸಿಕೊಟ್ಟವರು ಮೆನು ತೆರೆಯದೇ ಹೊರಟುಹೋಗಿರುತ್ತಾರೆ. ಒಂದು ಅಳತೆ ಟೇಪು, ಮೊಬೈಲಿನಲ್ಲಿ ಸೌಂಡ್ ಮೀಟರ್ ಆ್ಯಪ್, ಒಂದು ಗಂಟೆ ಬಿಡುವು ಇದ್ದರೆ ಸಾಕು.

ಮೊದಲು ವೈರು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದೇ ಒಂದು ಸ್ಪೀಕರಿನಲ್ಲಿ ಅದಲುಬದಲಾದರೂ ಬೇಸ್ ಸೊರಗುತ್ತದೆ.

ಆಮೇಲೆ ಟಿವಿ. ಸ್ಪೀಕರ್‌ಗಳನ್ನು ನಡೆಸುವ ಪೆಟ್ಟಿಗೆ, ಅಂದರೆ ರಿಸೀವರಿನಿಂದ ಬರುವ ಎಚ್‌ಡಿಎಂಐ ಕೇಬಲ್ ‘ಎಆರ್‌ಸಿ’ (ಟಿವಿಯ ಸದ್ದು ರಿಸೀವರಿಗೆ ಮರಳುವ ದಾರಿ) ಎಂದು ಬರೆದಿರುವ ಪೋರ್ಟಿಗೇ ಹೋಗಬೇಕು. ಟಿವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂನಲ್ಲಿದ್ದರೆ ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂಗೆ ಬದಲಿಸಿ. ಸಾಮಾನ್ಯ ಎಆರ್‌ಸಿಯಲ್ಲಿ ಪಿಸಿಎಂ ಎಂದರೆ ಎರಡೇ ಚಾನೆಲ್. ಸೆಟ್‌ಟಾಪ್ ಬಾಕ್ಸಿನಲ್ಲೂ ಆಡಿಯೋವನ್ನು ಡಾಲ್ಬಿಗೆ ಇಡಿ. ರಿಸೀವರಿನಲ್ಲಿ ‘ಆಲ್ ಚಾನೆಲ್ ಸ್ಟೀರಿಯೋ’ ಇದ್ದರೆ ತೆಗೆಯಿರಿ. ಐದೂ ಸ್ಪೀಕರ್ ಒಂದೇ ಹಾಡು ಹಾಡಿದರೆ ಅದು ಸರೌಂಡ್ ಅಲ್ಲ. ಅಂದಹಾಗೆ, ಬ್ಲೂಟೂತ್ ಮತ್ತು ಆಕ್ಸ್ ಮಾತ್ರ ಇರುವ ಅಗ್ಗದ ‘5.1’ ಪೆಟ್ಟಿಗೆಗಳಿಗೆ ಬರುವುದೇ ಸ್ಟೀರಿಯೋ. ಅದನ್ನೇ ಐದಕ್ಕೆ ಹಂಚುತ್ತವೆ. ಡಬ್ಬದ ಮೇಲಿನ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ) ವ್ಯಾಟ್‌ಗಳಿಗೆ ಮೂರು ಕಾಸಿನ ಬೆಲೆ ಕೊಡಬೇಡಿ, ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ) ಎಷ್ಟೆಂದು ನೋಡಿ.

ಮಾತು ಬಹುಪಾಲು ಬರುವುದು ಟಿವಿಯ ಕೆಳಗಿನ ಸೆಂಟರ್ ಸ್ಪೀಕರಿನಿಂದ. ಅದನ್ನು ಶೋಕೇಸಿನ ಒಳಕ್ಕೆ ತಳ್ಳದೆ ಹಲಗೆಯ ಅಂಚಿಗೆ ತಂದು, ಮೂತಿ ಕಿವಿಯ ಕಡೆಗೆ ಎತ್ತಿಡಿ. ಸರೌಂಡ್‌ಗಳು ಕೂರುವವರ ಪಕ್ಕದಲ್ಲಿ, ತುಸು ಹಿಂದಕ್ಕೆ ಇರಲಿ.

ಜನ ಎಡವುವುದು ಇನ್ನು ಮುಂದೆ. ರಿಸೀವರಿನ ಜೊತೆ ಮೈಕ್ ಬಂದಿದ್ದರೆ ಆಟೋ ಸೆಟಪ್ ಮಾಡಿ. ಮೈಕ್ ಸೋಫಾದ ಮೇಲೂ ಬೇಡ, ಕೈಯಲ್ಲೂ ಬೇಡ. ಕಿವಿಯ ಎತ್ತರಕ್ಕೆ ಟ್ರೈಪಾಡ್ ಮೇಲೆ ನಿಲ್ಲಿಸಿ. ಫ್ಯಾನ್ ಆರಿಸಿ. ನಡುವೆ ಕುಕ್ಕರ್ ಕೂಗಿದರೆ ಮೊದಲಿನಿಂದ ಶುರುಮಾಡಿ. ಮುಗಿಯಿತೆಂದು ಎದ್ದು ಹೋಗಬೇಡಿ, ಅದು ಬರೆದಿಟ್ಟ ಲೆಕ್ಕ ನೋಡಿ. ಮುಂದಿನ ಸ್ಪೀಕರ್‌ಗಳನ್ನು ‘ಲಾರ್ಜ್’ ಎಂದು ಹಾಕಿದ್ದರೆ ‘ಸ್ಮಾಲ್’ ಮಾಡಿ. ಇಲ್ಲಿ ಸ್ಮಾಲ್ ಎಂಬುದು ಗಾತ್ರದ ಮಾತಲ್ಲ. ತಗ್ಗಿನ ಸದ್ದನ್ನು ಸಬ್‌ವೂಫರಿಗೆ ಕಳಿಸು ಎಂಬ ಆಜ್ಞೆ. ಕ್ರಾಸ್‌ಓವರ್, ಅಂದರೆ ಎಷ್ಟರ ಕೆಳಗಿನ ಸದ್ದು ವೂಫರಿಗೆ ಹೋಗಬೇಕೆಂಬ ಗೆರೆಯನ್ನು 80 ಹರ್ಟ್ಸ್‌ನಿಂದ ಶುರುಮಾಡಿ. ಅಂಗೈಯಗಲದ ಸ್ಯಾಟಲೈಟ್‌ಗಳಾದರೆ 120ರಿಂದ 150. ಕಡಿಮೆಯಾದರೆ ಪುಟ್ಟ ಸ್ಪೀಕರ್ ಏದುಸಿರು ಬಿಡುತ್ತದೆ. ಹೆಚ್ಚಾದರೆ ಗಂಡಸರ ದನಿ ಮೂಲೆಯ ವೂಫರಿನಿಂದ ಗೊಗ್ಗರಾಗಿ ಬರುತ್ತದೆ. ವೂಫರಿನ ಬೆನ್ನಿಗಿರುವ ಕ್ರಾಸ್‌ಓವರ್ ತಿರುಪನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಡಿ. ಆ ಕೆಲಸ ರಿಸೀವರ್ ಮಾಡುತ್ತಿದೆ, ಎರಡೆರಡು ಸಲ ಸೋಸಬಾರದು. ವೂಫರಿನ ಗೇನ್ (ಅದರ ವಾಲ್ಯೂಮ್) ಅರ್ಧಕ್ಕಿರಲಿ. ಅಲ್ಲೇ ಇರುವ ಫೇಸ್ ಸ್ವಿಚ್ಚಿನ 0 ಮತ್ತು 180ರಲ್ಲಿ ಯಾವುದಕ್ಕೆ ನೀವು ಕೂರುವ ಜಾಗದಲ್ಲಿ ಬೇಸ್ ತುಂಬಿ ಬರುತ್ತದೋ ಅದು ಸರಿ.

ಕೂರುವ ಜಾಗದಿಂದ ಪ್ರತಿ ಸ್ಪೀಕರಿನ ದೂರವನ್ನು ಟೇಪಿನಲ್ಲಿ ಅಳೆದು ತಾಳೆ ನೋಡಿ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಸಾಗುತ್ತದೆ, ಆ ಲೆಕ್ಕದಲ್ಲೇ ರಿಸೀವರ್ ನಿಮಗೆ ಹತ್ತಿರವಿರುವ ಸ್ಪೀಕರಿನ ಸದ್ದನ್ನು ತುಸು ತಡಮಾಡಿ ಬಿಡುತ್ತದೆ. ಸಬ್‌ವೂಫರಿಗೆ ಮಾತ್ರ ಆಟೋ ಸೆಟಪ್ ಇರುವುದಕ್ಕಿಂತ ಹೆಚ್ಚು ದೂರ ತೋರಿಸಿದರೆ ತಿದ್ದಬೇಡಿ. ಅದರ ಒಳಗಿನ ಸರ್ಕ್ಯೂಟ್ ಮಾಡುವ ತಡವನ್ನೂ ಸೇರಿಸಿದ ಲೆಕ್ಕವದು.

ಈಗ ಲೆವೆಲ್. ಟೆಸ್ಟ್ ಟೋನ್ ಹಾಕಿ, ಮೀಟರನ್ನು ‘ಸಿ’ ಮತ್ತು ‘ಸ್ಲೋ’ಗೆ ಇಟ್ಟು, ಎಡ ಸ್ಪೀಕರ್ 75 ಡೆಸಿಬೆಲ್ ತೋರಿಸುವಂತೆ ಮಾಡಿ. ಉಳಿದವನ್ನೂ ಅದಕ್ಕೇ ಸರಿದೂಗಿಸಿ. ಮೊಬೈಲ್ ಆ್ಯಪಿನ ಅಂಕಿ ಕರಾರುವಾಕ್ಕಲ್ಲ, ಆದರೆ ಹೋಲಿಕೆಗೆ ಸಾಕು. ವೂಫರಿನ ವಿಷಯದಲ್ಲಿ ಅದನ್ನು ನಂಬಬೇಡಿ. ಮೊಬೈಲ್ ಮೈಕಿಗೆ ತಗ್ಗಿನ ಸದ್ದು ಸರಿಯಾಗಿ ಸಿಗುವುದಿಲ್ಲ, ಕಿವಿಯೇ ಗತಿ. ಎಲ್ಲ ಸಮವಾದ ಮೇಲೆ ಸೆಂಟರಿಗೆ 2 ಡೆಸಿಬೆಲ್ ಹೆಚ್ಚು ಕೊಡಿ. 3 ದಾಟಬೇಡಿ, ದಾಟಿದರೆ ಇಡೀ ಸಿನಿಮಾ ಟಿವಿಯ ಕೆಳಗೆ ಮುದುಡಿಕೊಳ್ಳುತ್ತದೆ. ಮಕ್ಕಳು ಮಲಗಿದ ಮೇಲೆ ನೋಡುವುದಾದರೆ ಜೋರು ಸದ್ದನ್ನು ತಗ್ಗಿಸಿ ಮೆಲುದನಿಯನ್ನು ಏರಿಸುವ ನೈಟ್ ಮೋಡ್ ಇದೆ. ಹಗಲು ಅದನ್ನು ಆರಿಸಿಡಿ.

ಚಿತ್ರದ ಕೆಲಸ ಐದೇ ನಿಮಿಷದ್ದು. ‘ವಿವಿಡ್’ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಗಿರಾಕಿ ಹಿಡಿಯಲಿಕ್ಕೆ ಇರುವುದು, ಮನೆಗಲ್ಲ. ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್, ಕಲರ್ ಟೆಂಪರೇಚರ್ ವಾರ್ಮ್, ಶಾರ್ಪ್‌ನೆಸ್ ಸೊನ್ನೆಯ ಹತ್ತಿರ. ಮೋಷನ್ ಸ್ಮೂದಿಂಗ್ ಆಫ್. 24 ಫ್ರೇಮಿನ ಸಿನಿಮಾಕ್ಕೆ ಟಿವಿ ತನ್ನದೇ ಫ್ರೇಮ್ ತುರುಕಿದರೆ ಅದು ಧಾರಾವಾಹಿಯಂತೆ ಕಾಣುತ್ತದೆ. ವಾರ್ತಾ ಚಾನೆಲಿನ ಕೆಳಗಿನ ಸಾಲು ಅರ್ಧ ಕತ್ತರಿಸಿದಂತಿದ್ದರೆ ಪಿಕ್ಚರ್ ಸೈಜ್‌ನಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಆಯ್ದುಕೊಳ್ಳಿ.

ಕೊನೆಗೆ ತುಟಿ ಮತ್ತು ಮಾತು. ವಾರ್ತೆ ಓದುವವರು ಪ, ಬ, ಮ ಹೇಳುವಾಗ ತುಟಿ ಮುಚ್ಚುವುದನ್ನು ನೋಡಿ. ಮಾತು ಮೊದಲೇ ಬಂದರೆ ರಿಸೀವರಿನ ಆಡಿಯೋ ಡಿಲೇಯನ್ನು ಒಂದೊಂದು ಸಲಕ್ಕೆ 10 ಮಿಲಿಸೆಕೆಂಡಿನಷ್ಟೇ ಏರಿಸುತ್ತ ಹೋಗಿ. ತಡವಾಗಿ ಬಂದರೆ ಟಿವಿಯಲ್ಲೂ ರಿಸೀವರಿನಲ್ಲೂ ಡಿಲೇ ಸೊನ್ನೆಗೆ ತನ್ನಿ. ಆಗಲೂ ತಡವಾದರೆ ಸೆಟ್‌ಟಾಪ್ ಬಾಕ್ಸನ್ನು ಟಿವಿಯಿಂದ ಬಿಡಿಸಿ ನೇರ ರಿಸೀವರಿಗೇ ಚುಚ್ಚಿ.